ಆಟೋಕ್ರಾಸ್‌ಗೆ ಟೈರು: ಆರಿಸುವುದು, ಗಾಳಿ ಹೊಂದಿಸುವುದು, ಪರೀಕ್ಷಿಸುವುದು

ಆಟೋಕ್ರಾಸ್ ಎಂದರೆ ಬಯಲಿನಲ್ಲಿ ಕೋನ್ ಇಟ್ಟು ಗುರುತಿಸಿದ ದಾರಿಯಲ್ಲಿ ಕಾರುಗಳು ಒಂದೊಂದಾಗಿ ಗಡಿಯಾರದ ಜೊತೆ ಪೈಪೋಟಿಗಿಳಿಯುವ ಆಟ. ಇಲ್ಲಿ ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನದು. ಕೋನ್‌ಗಳ ನಡುವೆ ನುಸುಳಿಕೊಂಡು ಬರುವಾಗ ವೇಗ ಗಂಟೆಗೆ 100 ಕಿ.ಮೀ. ದಾಟುವುದೇ ಅಪರೂಪ. ಓಟ ಮುಗಿದ ಮೇಲೆ ಮುಂದಿನ ಸರದಿಗೆ ಹತ್ತೋ ಇಪ್ಪತ್ತೋ ನಿಮಿಷ ಕಾಯಬೇಕು, ಅಷ್ಟರಲ್ಲಿ ಟೈರು ಆರಿಹೋಗಿರುತ್ತದೆ. ಟೈರು ಕೊಳ್ಳುವ ಮುಂಚೆ ತಲೆಯಲ್ಲಿ ಇರಬೇಕಾದ ಸಂಗತಿ ಇದೇ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸುವವರಿಗೆ ಹೇಳಿ ಮಾಡಿಸಿದ ಟೈರು ಇಲ್ಲಿ ಬಿಸಿಯಾಗುವ ಹೊತ್ತಿಗೆ ಓಟವೇ ಮುಗಿದಿರುತ್ತದೆ. ನಮಗೆ ಬೇಕಾದದ್ದು ತಣ್ಣಗಿರುವಾಗಲೇ, ಮೊದಲ ತಿರುವಿನಲ್ಲೇ ನೆಲ ಕಚ್ಚುವ ಟೈರು.

ಅಂಕಿಗಳನ್ನು ಓದುವುದು

ಮೊದಲು ನೀವು ಓಡುವ ವರ್ಗದ ನಿಯಮ ನೋಡಿ. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ತನ್ನ ಸ್ಟ್ರೀಟ್ ವರ್ಗಗಳಲ್ಲಿ ಕನಿಷ್ಠ 200 ಟ್ರೆಡ್‌ವೇರ್ ಕೇಳುತ್ತದೆ, ಬೇರೆ ಎಷ್ಟೋ ಕ್ಲಬ್ಬುಗಳೂ ಅದೇ ಅಂಕಿ ಹಿಡಿದಿವೆ. ಈ ಟ್ರೆಡ್‌ವೇರ್ ಅಂಕಿ ಸವೆತದ ಅಳತೆಯೇ ಹೊರತು ಹಿಡಿತದ್ದಲ್ಲ. ಟೆಕ್ಸಸ್‌ನ ಸಾರ್ವಜನಿಕ ರಸ್ತೆಯಲ್ಲಿ ಸುಮಾರು 11,600 ಕಿ.ಮೀ. ಓಡಿಸಿ, 100 ಅಂಕದ ಮಾದರಿ ಟೈರಿಗೆ ಹೋಲಿಸಿ, ಕೊನೆಗೆ ಅಂಕಿಯನ್ನು ತಯಾರಕರೇ ಹಾಕುತ್ತಾರೆ. ಪರೀಕ್ಷೆಯಲ್ಲಿ ಬಂದದ್ದಕ್ಕಿಂತ ಕಡಿಮೆ ಹಾಕುವ ಸ್ವಾತಂತ್ರ್ಯವೂ ಅವರಿಗಿದೆ. ಹಾಗಾಗಿ ಎರಡು ಕಂಪನಿಗಳ 200ರ ಟೈರುಗಳು ಒಂದೇ ಥರ ಹಿಡಿಯುತ್ತವೆ, ಒಂದೇ ಥರ ಸವೆಯುತ್ತವೆ ಎಂದು ನಂಬಿಕೊಂಡರೆ ಮೋಸ ಹೋಗುತ್ತೀರಿ.

200ರ ಗುಂಪಿನೊಳಗೇ ಸ್ವಭಾವ ಬೇರೆ ಬೇರೆ. ಯೊಕೊಹಾಮಾ ಅಡ್ವಾನ್ ಎ052, ಬ್ರಿಜ್‌ಸ್ಟೋನ್ ಪೊಟೆನ್ಜಾ ಆರ್‌ಇ-71ಆರ್‌ಎಸ್ ಬೇಗ ಬಿಸಿಯಾಗಿ ಮೊದಲ ಓಟದಲ್ಲೇ ಹಿಡಿಯುತ್ತವೆ. ಹ್ಯಾಂಕುಕ್ ವೆಂಟಸ್ ಆರ್-ಎಸ್4 ಬಿಸಿ ಬೇಡುವ ಟೈರು. ದೀರ್ಘ ಓಟಕ್ಕೆ ಅದು ಚೆನ್ನ, ಒಂದು ನಿಮಿಷದ ಓಟದಲ್ಲಿ ಅದರ ನಿಜವಾದ ಶಕ್ತಿ ಹೊರಬರುವುದೇ ಇಲ್ಲ. 200ಕ್ಕಿಂತ ಕೆಳಗಿನ ಟೈರಿಗೆ ನಿಯಮದಲ್ಲಿ ಅವಕಾಶವಿದ್ದರೆ ಹೂಸಿಯರ್ ಎ7 ಇಂಥ ಚಿಕ್ಕ ಓಟಕ್ಕೆಂದೇ ಮಾಡಿದ್ದು. ಅದೇ ಕಂಪನಿಯ ಆರ್7 ರೇಸ್ ಟ್ರ್ಯಾಕಿಗೆ. ಎರಡೂ ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ, ಕೊಳ್ಳುವಾಗ ಅಕ್ಷರ ನೋಡಿ ಕೊಳ್ಳಿ.

ಹೊಸದಾಗಿ ಆಟಕ್ಕಿಳಿದವರು ಮೊದಲ ಹತ್ತಾರು ಓಟಗಳನ್ನು 300ರ ಆಸುಪಾಸಿನ ಒಳ್ಳೆಯ ಬೇಸಿಗೆ ಟೈರಿನಲ್ಲೇ ಓಡುವುದು ಲೇಸು. ಅದು ಜಾರುವ ಮುಂಚೆ ಕೂಗಿ ಹೇಳುತ್ತದೆ, ಜಾರಿದರೂ ನಿಧಾನವಾಗಿ ಜಾರುತ್ತದೆ. ಹಿಡಿತ ಹೆಚ್ಚಿದ ಟೈರು ತಪ್ಪನ್ನು ಮುಚ್ಚಿಹಾಕುತ್ತದೆ, ಬಿಟ್ಟಾಗ ಮಾತ್ರ ಥಟ್ಟನೆ ಬಿಡುತ್ತದೆ.

ಅಳತೆ

205/50 ಆರ್16 ಎಂಬುದರಲ್ಲಿ 205 ಟೈರಿನ ಅಗಲ, ಮಿ.ಮೀ.ನಲ್ಲಿ; 50 ಎಂದರೆ ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ, ಎತ್ತರ ಆ ಅಗಲದ ಶೇ. 50; 16 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈ ಟೈರಿನ ವ್ಯಾಸ ಹೀಗೆ ಸಿಗುತ್ತದೆ: 16 ಇಂಚು ಎಂದರೆ 406.4 ಮಿ.ಮೀ.; ಅದಕ್ಕೆ 205ರ ಅರ್ಧದ ಎರಡರಷ್ಟು, ಅಂದರೆ 205 ಸೇರಿಸಿದರೆ 611.4 ಮಿ.ಮೀ. ಅದೇ ರಿಮ್ಮಿಗೆ 225/45 ಹಾಕಿದರೆ 608.9. ಅಗಲ 20 ಮಿ.ಮೀ. ಹೆಚ್ಚಿತು, ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. 205/45 ಹಾಕಿದರೆ 590.9ಕ್ಕೆ, ಅಂದರೆ ಶೇ. 3ಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ತಿರುವಿನಿಂದ ಹೊರಬರುವಾಗ ಕಾರು ಚುರುಕಾಗುವುದು ನಿಜ. ಆದರೆ ಆಟೋಕ್ರಾಸ್‌ನ ಬಹುಪಾಲು ನಡೆಯುವುದು ಎರಡನೇ ಗೇರಿನಲ್ಲಿ. ಆ ಗೇರಿನಲ್ಲಿ ಗಂಟೆಗೆ 95 ಕಿ.ಮೀ.ವರೆಗೆ ಎಳೆಯುತ್ತಿದ್ದ ಕಾರು ಈಗ 92ಕ್ಕೇ ಉಸಿರು ಕಟ್ಟುತ್ತದೆ. ಮೈದಾನದ ಅತಿ ವೇಗದ ಜಾಗ ನಿಮ್ಮ ಗೇರಿನ ಕೊನೆಗೆ ಎಷ್ಟು ಹತ್ತಿರವಿದೆ ಎಂದು ನೋಡಿಕೊಂಡೇ ಈ ಆಸೆಗೆ ಕೈಹಾಕಿ.

ಅಗಲದ ವಿಷಯದಲ್ಲಿ ರಿಮ್ಮಿನ ಅಗಲವೇ ಯಜಮಾನ. 225 ಟೈರಿಗೆ ಏಳೂವರೆಯಿಂದ ಎಂಟೂವರೆ ಇಂಚಿನ ರಿಮ್ ಹೊಂದುತ್ತದೆ. ಆರೂವರೆ ಇಂಚಿನ ರಿಮ್ಮಿಗೆ ಅದನ್ನು ತುರುಕಿದರೆ ಸೈಡ್‌ವಾಲ್ ಬಲೂನಿನಂತೆ ಹೊರಗೆ ಉಬ್ಬಿ, ಸ್ಟೀರಿಂಗ್ ತಿರುಗಿಸಿದ ಕೂಡಲೆ ಟೈರಿನ ಮೇಲೆ ಕಾರು ಒಂದು ಕಡೆ ವಾಲಿ ಆಮೇಲೆ ತಿರುಗುತ್ತದೆ. ಕಿರಿದಾದ ರಿಮ್ಮೇ ಗತಿಯೆಂದಾದರೆ 205ರಲ್ಲೇ ಇರಿ, ಸ್ಲಾಲಮ್‌ನಲ್ಲಿ (ಸಾಲು ಕೋನ್‌ಗಳ ನಡುವೆ ಎಡಬಲಕ್ಕೆ ನುಸುಳುವ ಭಾಗ) ಅದೇ ಗೆಲ್ಲುತ್ತದೆ. ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರಬಲ್ಲ ತೂಕದ ಸಂಕೇತ, ಮೂಲ ಟೈರಿಗಿಂತ ಕಡಿಮೆ ಇರಕೂಡದು: 87 ಎಂದರೆ ಒಂದು ಟೈರಿಗೆ 545 ಕಿಲೊ, 91 ಎಂದರೆ 615.

ಸೈಡ್‌ವಾಲ್ ಮೇಲಿನ ಡಾಟ್ (DOT) ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1423 ಎಂದಿದ್ದರೆ 2023ರ 14ನೇ ವಾರ. ಬಳಸದೆ ಇಟ್ಟ ಟೈರೂ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಅದಕ್ಕೇ ನಾಲ್ಕೂ ಒಂದೇ ಆಸುಪಾಸಿನ ದಿನಾಂಕದವು ಬೇಕು. ಮುಂದೆ ಹೊಸದು ಹಿಂದೆ ಹಳೆಯದು ಹಾಕಿದರೆ ಹಿಂಭಾಗ ಹೇಳದೆ ಕೇಳದೆ ಸುತ್ತುತ್ತದೆ.

ಹೊಸ ಟೈರನ್ನು ನೇರ ಓಟಕ್ಕಿಳಿಸಬೇಡಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೇಲ್ಮೈಯಲ್ಲಿ ಇನ್ನೂ ಇರುತ್ತದೆ. ಮೊದಲ 100–150 ಕಿ.ಮೀ. ಹದವಾಗಿ ಓಡಿಸಿ, ಹೊಳಪು ಹೋಗಿ ರಬ್ಬರು ಮಾಸಲು ಬಣ್ಣಕ್ಕೆ ತಿರುಗಲಿ. ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ (ಬಿಗಿತ ಅಳೆಯುವ ಪಾನಾ) ಬಿಗಿದು, ಮೊದಲ ಓಟದ ನಂತರ ಮತ್ತೊಮ್ಮೆ ನೋಡಿ.

ಗಾಳಿ ಮತ್ತು ಸೀಮೆಸುಣ್ಣ

ಟೈರಿಗೆ ಖರ್ಚು ಮಾಡಿ ಗಾಳಿಯನ್ನು ಅಂದಾಜಿಗೆ ಬಿಡುವವರು ಬಹಳ. ನಮ್ಮ ಎಣಿಕೆಯಲ್ಲಿ ಒಂದು ಒಳ್ಳೆಯ ಗೇಜು ಅರ್ಧ ಟೈರಿಗೆ ಸಮ. ಅರ್ಧ ಪಿಎಸ್‌ಐವರೆಗೆ ಓದಬಲ್ಲ, ಗಾಳಿ ಬಿಡುವ ಗುಂಡಿಯಿರುವ ಗೇಜು ಕೊಳ್ಳಿ, ಪ್ರತಿ ಸಲವೂ ಅದೊಂದನ್ನೇ ಬಳಸಿ. ಎರಡು ಗೇಜುಗಳು ಒಪ್ಪುವುದೇ ಕಡಿಮೆ.

ಶುರುವಿಗೆ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿ ಹಿಡಿಯಿರಿ. ಮೆತ್ತನೆ ಸೈಡ್‌ವಾಲಿನ ಸಾಮಾನ್ಯ ಟೈರಾದರೆ ಅದಕ್ಕೆ 5–6 ಪಿಎಸ್‌ಐ ಕೂಡಿಸಿ. 200ರ ಗುಂಪಿನ ಗಟ್ಟಿ ಸೈಡ್‌ವಾಲಿನದಾದರೆ 2–3 ಸಾಕು. ಸೈಡ್‌ವಾಲ್ ಮೇಲೆ ಬರೆದ ಗರಿಷ್ಠ ಒತ್ತಡವನ್ನು ಮೀರುವುದು ಬೇಡವೇ ಬೇಡ.

ಈಗ ಸೀಮೆಸುಣ್ಣ ತೆಗೆದುಕೊಳ್ಳಿ. ಟ್ರೆಡ್ಡಿನ (ಟೈರಿನ ನೆಲಕ್ಕೆ ತಾಗುವ ಭಾಗ) ಅಂಚಿನಿಂದ ಸೈಡ್‌ವಾಲಿನ ಮೇಲಕ್ಕೆ ಎರಡು ಬೆರಳಗಲದ ಪಟ್ಟಿ ಎಳೆಯಿರಿ, ಪ್ರತಿ ಟೈರಿನ ಸುತ್ತ ಮೂರು ಕಡೆ. ಹೆಚ್ಚಿನ ಟೈರುಗಳ ಅಂಚಿನಲ್ಲಿ ಒಂದು ಪುಟ್ಟ ತ್ರಿಕೋನ ಇರುತ್ತದೆ. ಅದು ಇರುವುದು ಸವೆತದ ಗುರುತು ಎಲ್ಲಿದೆ ಎಂದು ತೋರಿಸಲು, ಆದರೆ ಅದರ ತುದಿ ನಮಗೆ ಒಳ್ಳೆಯ ಗಡಿಗೆರೆ. ಒಂದು ಓಟ ಪೂರ್ತಿ ವೇಗದಲ್ಲಿ ಮುಗಿಸಿ ಬಂದು ಬಗ್ಗಿ ನೋಡಿ. ಸುಣ್ಣ ಒಂದು ಗೆರೆಯವರೆಗೆ ಉಜ್ಜಿಹೋಗಿ, ಅದರಾಚೆ ಬೆಳ್ಳಗೆ ಉಳಿದಿರುತ್ತದೆ. ಆ ಗೆರೆ ತ್ರಿಕೋನದ ತುದಿಗೆ ಬಂದಿದ್ದರೆ ಸರಿ. ತುದಿ ದಾಟಿ ಸೈಡ್‌ವಾಲ್ ಮೇಲಿನ ಅಕ್ಷರಗಳ ಕಡೆಗೆ ಹೋಗಿದ್ದರೆ ಟೈರು ಮಡಚಿಕೊಳ್ಳುತ್ತಿದೆ, 2 ಪಿಎಸ್‌ಐ ಹೆಚ್ಚಿಸಿ. ಟ್ರೆಡ್ಡಿನ ಕೊನೆಯ ಬ್ಲಾಕ್ ಮೇಲೇ ಸುಣ್ಣ ಉಳಿದಿದ್ದರೆ ರಬ್ಬರಿನ ಪೂರ್ತಿ ಅಗಲ ನೆಲಕ್ಕೆ ತಾಗುತ್ತಿಲ್ಲ, 2 ಇಳಿಸಿ. ಪಟ್ಟಿಯನ್ನು ಹೊಸದಾಗಿ ಎಳೆದು ಮತ್ತೆ ಓಡಿ. ಈ ವಿಧಾನ ತೋರಿಸುವುದು ಮಿತಿಗಳನ್ನು ಮಾತ್ರ. ಅವುಗಳ ನಡುವಿನ ಸರಿಯಾದ ಅಂಕಿಯನ್ನು ಗಡಿಯಾರವೇ ಹೇಳಬೇಕು.

ಬಿಸಿಯಾದಂತೆ ಒತ್ತಡ ಏರುತ್ತದೆ, 5–6 ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 1 ಪಿಎಸ್‌ಐ. ಆದ್ದರಿಂದ ಲೆಕ್ಕಕ್ಕೆ ಬರುವುದು ಓಟ ಮುಗಿಸಿ ಬಂದಾಗಿನ ಬಿಸಿ ಒತ್ತಡ. ಪ್ರತಿ ಓಟದ ನಂತರ ಅಳೆದು ಗೊತ್ತುಮಾಡಿದ ಅಂಕಿಗೆ ಇಳಿಸಿ. ಬಿಸಿಲಿನಲ್ಲಿ ಸರದಿ ಕಾಯುವಾಗ ಬಿಸಿಲು ಬೀಳುವ ಬದಿಯ ಟೈರುಗಳು ನೆರಳಿನ ಬದಿಯವಕ್ಕಿಂತ ಒಂದೆರಡು ಪಿಎಸ್‌ಐ ಮೇಲಿರುತ್ತವೆ. ಆಗ ಗಾಳಿ ಬಿಟ್ಟು ನಾಲ್ಕನ್ನೂ ಸಮ ಮಾಡಿದರೆ, ಓಡುವಾಗ ಆ ಬದಿ ಕಡಿಮೆಯಾಗಿ ಕಾರು ಎಡಕ್ಕೊಂದು ಥರ ಬಲಕ್ಕೊಂದು ಥರ ತಿರುಗುತ್ತದೆ. ಟೈರಿಗೆ ನೆರಳು ಮಾಡಿ, ಇಲ್ಲವೆ ಓಟ ಮುಗಿದ ಕೂಡಲೆ ಮಾತ್ರ ಹೊಂದಿಸಿ.

ಮುಂದಿನ ಚಕ್ರ ಎಳೆಯುವ ಕಾರು ತಿರುವಿನಲ್ಲಿ ಮೂತಿ ಹೊರಗೆ ಹಾಕುತ್ತಿದ್ದರೆ ಹಿಂದಿನ ಟೈರಿಗೆ 2–3 ಪಿಎಸ್‌ಐ ಏರಿಸಿ ನೋಡಿ, ಹಿಂಭಾಗ ಸಡಿಲಾಗಿ ಕಾರು ಸುತ್ತಲು ಒಪ್ಪುತ್ತದೆ. ಒಂದು ಸಲಕ್ಕೆ ಒಂದೇ ತುದಿ ಮುಟ್ಟಿ. ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಉಷ್ಣತೆ ಅಳೆಯುವುದಾದರೆ ಸೂಜಿ ಚುಚ್ಚುವ ಪೈರೋಮೀಟರೇ ಬೇಕು. ದೂರದಿಂದ ಬೆಳಕು ಬಿಡುವ ಗನ್ ತೋರಿಸುವುದು ಮೇಲ್ಮೈಯ ಶಾಖ, ಅದು ಕೆಲವೇ ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಸೂಜಿಯನ್ನು 2–3 ಮಿ.ಮೀ. ಒಳಗೆ ತಳ್ಳಿ, ಹೊರ ಅಂಚು, ನಡು, ಒಳ ಅಂಚು ಮೂರೂ ಬರೆದುಕೊಳ್ಳಿ. ಓಟ ಮುಗಿದ ಒಂದು ನಿಮಿಷದೊಳಗೆ ಮುಗಿಯದಿದ್ದರೆ ಆ ಅಂಕಿಗಳನ್ನು ಬಿಟ್ಟುಬಿಡಿ. ನಡು ಎರಡೂ ಅಂಚಿಗಿಂತ ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ. ಹೊರ ಅಂಚು ಒಳಗಿನದಕ್ಕಿಂತ 10 ಡಿಗ್ರಿಗೂ ಮೇಲೆ ಹೋಗಿದ್ದರೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಓರೆ, ಸಾಲದು. ಗಾಳಿ ಹೆಚ್ಚಿಸಿ ಅದನ್ನು ಮರೆಮಾಚಬಹುದಷ್ಟೇ, ಸರಿಪಡಿಸಲಾಗದು.

ಎರಡು ಟೈರುಗಳನ್ನು ಹೋಲಿಸುವುದು

ಮುಖ್ಯ ತೊಂದರೆ ಚಾಲಕನೇ. ಅದೇ ದಾರಿಯಲ್ಲಿ ಐದು ಸಲ ಓಡಿದವರು ಟೈರು ಏನೇ ಇರಲಿ ಐದನೆಯ ಸಲ ವೇಗವಾಗಿರುತ್ತಾರೆ. ಬೆಳಗ್ಗೆ ಹಳೆಯದು, ಮಧ್ಯಾಹ್ನ ಹೊಸದು ಹಾಕಿ ನೋಡಿದರೆ ಹೊಸದೇ ಗೆಲ್ಲುತ್ತದೆ, ಅದು ಕೆಟ್ಟದ್ದಾಗಿದ್ದರೂ. ಅದಕ್ಕೇ ಹಳೆಯದು, ಹೊಸದು, ಮತ್ತೆ ಹಳೆಯದು ಎಂಬ ಕ್ರಮ ತಪ್ಪಿಸಬೇಡಿ. ಪ್ರತಿಯೊಂದರಲ್ಲೂ ಕನಿಷ್ಠ ಮೂರು ಓಟ. ಕೋನ್ ಬಿದ್ದ ಓಟವನ್ನೂ ದಾರಿ ತಪ್ಪಿದ ಓಟವನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ.

ಹಳೆಯದರಲ್ಲಿ 52.4 ಸೆಕೆಂಡು, ಹೊಸದರಲ್ಲಿ 51.5, ಮತ್ತೆ ಹಳೆಯದರಲ್ಲಿ 51.9 ಬಂತೆಂದಿಟ್ಟುಕೊಳ್ಳಿ. ಹಳೆಯ ಟೈರೇ ಅರ್ಧ ಸೆಕೆಂಡು ಬೇಗ ಬಂದಿದೆ, ಅದು ನಿಮ್ಮ ಕಲಿಕೆ ಮತ್ತು ನೆಲದ ಬದಲಾವಣೆ. ಎರಡು ಹಳೆಯ ಅಂಕಿಗಳ ನಡು 52.15. ಹೊಸ ಟೈರು ಕೊಟ್ಟದ್ದು 0.65 ಸೆಕೆಂಡು ಮಾತ್ರ, ಮೊದಲು ಕಂಡಂತೆ 0.9 ಅಲ್ಲ. ಒಂದೇ ಟೈರಿನ ಮೂರು ಓಟಗಳ ನಡುವೆಯೇ ಅಷ್ಟು ವ್ಯತ್ಯಾಸವಿದ್ದರೆ ಇನ್ನೂ ಓಡಬೇಕು, ತೀರ್ಮಾನಕ್ಕೆ ಬರುವ ಹಾಗಿಲ್ಲ.

ಖಾಲಿ ಮೈದಾನ ಅನುಮತಿ ಪಡೆದು ಸಿಕ್ಕರೆ ವೃತ್ತದ ಪರೀಕ್ಷೆ ಎಲ್ಲಕ್ಕಿಂತ ಪ್ರಾಮಾಣಿಕ. ಕಾರಿನ ನಡುಭಾಗ 15 ಮೀಟರ್ ತ್ರಿಜ್ಯದಲ್ಲಿ ಸಾಗುವಂತೆ ಕೋನ್ ಇಡಿ, ಜಾರುವ ಅಂಚಿನಲ್ಲಿ ಸುತ್ತಿ, ಒಂದು ಸುತ್ತಿನ ಸಮಯ ಅಳೆಯಿರಿ. 592ನ್ನು ಆ ಸಮಯದ ವರ್ಗದಿಂದ ಭಾಗಿಸಿ, ಬಂದದ್ದನ್ನು 9.81ರಿಂದ ಭಾಗಿಸಿದರೆ ಪಕ್ಕದ ಹಿಡಿತ ಜಿ ಲೆಕ್ಕದಲ್ಲಿ (ಭೂಮಿಯ ಗುರುತ್ವದ ಎಷ್ಟು ಪಟ್ಟು ಎಂದು) ಸಿಗುತ್ತದೆ. 8.0 ಸೆಕೆಂಡಿಗೆ 0.94 ಜಿ, 7.8ಕ್ಕೆ 0.99. ಬರೀ 0.2 ಸೆಕೆಂಡಿನಲ್ಲಿ ಇಷ್ಟು ಅಂತರ ಬರುವುದರಿಂದ ಕೈಗಡಿಯಾರ ಸಾಲದು. ಕಾರಿನೊಳಗೆ ಕ್ಯಾಮೆರಾ ಇಟ್ಟು, ಆಮೇಲೆ ವಿಡಿಯೊದಲ್ಲಿ ಸಮಯ ಎಣಿಸಿ. ಎಡಕ್ಕೂ ಬಲಕ್ಕೂ ಸುತ್ತಿ ಸರಾಸರಿ ಹಿಡಿಯಿರಿ. ಮೊದಲ ಸುತ್ತನ್ನು ಬೇರೆಯಾಗಿ ಬರೆದಿಡಿ: ತಣ್ಣಗಿನ ಟೈರು ಏನು ಕೊಡುತ್ತದೆ ಎಂಬುದು ಅಲ್ಲೇ ಇದೆ, ನಿಮ್ಮ ಸ್ಪರ್ಧೆಯ ಮೊದಲ ಓಟವೂ ಅದೇ.

ವೃತ್ತ ತೋರಿಸದ ಗುಣವೊಂದಿದೆ, ಸ್ಟೀರಿಂಗಿಗೆ ಟೈರು ಎಷ್ಟು ಬೇಗ ಓಗೊಡುತ್ತದೆ ಎಂಬುದು. ಅದಕ್ಕೆ 18–20 ಮೀಟರ್ ಅಂತರದ ಆರು ಕೋನ್ ಸ್ಲಾಲಮ್ ಸಾಕು.

ಎಲ್ಲಿ ಕೈಕೊಡುತ್ತದೆ

ಬೇಗ ಬಿಸಿಯಾಗುವ ಟೈರು ಬೇಗ ಹದ ತಪ್ಪುತ್ತದೆ. ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿದರೆ ಮೂರು, ನಾಲ್ಕನೆಯ ಓಟಕ್ಕೆ ಮೇಲ್ಮೈ ಜಿಡ್ಡಾಗಿ, ಸ್ಟೀರಿಂಗ್ ಹಗುರಾಗಿ, ಕಾರು ತೇಲಿದಂತೆ ಆಗುತ್ತದೆ. ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪಿನಲ್ಲಿ ನೀರು ತುಂಬಿಟ್ಟುಕೊಂಡು, ಕಾರು ಬಂದು ನಿಂತ ಕೂಡಲೆ ಟ್ರೆಡ್ಡಿಗೆ ಸಿಂಪಡಿಸಿ. ಕಾರನ್ನು ಅರ್ಧ ಚಕ್ರ ಮುಂದಕ್ಕೆ ಸರಿಸಿ ಉಳಿದ ಭಾಗಕ್ಕೂ ಹೊಡೆಯಿರಿ. ಅಂಗೈ ಇಟ್ಟರೆ ಉಗುರುಬೆಚ್ಚಗೆ ಅನಿಸಿದಾಗ ನಿಲ್ಲಿಸಿ. ತೊಟ್ಟಿಕ್ಕುವ ಟೈರಿನಲ್ಲಿ ಸ್ಟಾರ್ಟ್ ಗೆರೆಗೆ ಹೋದರೆ ಮೊದಲ ಕೋನಿಗೇ ಗುದ್ದುತ್ತೀರಿ. ಎಸ್‌ಸಿಸಿಎ ನಿಯಮದಲ್ಲಿ ಒಂದು ಕೋನಿಗೆ 2 ಸೆಕೆಂಡು ದಂಡ. ಯಾವ ಟೈರೂ ಅದನ್ನು ಮರಳಿ ತಂದುಕೊಡದು.

ಟ್ರೆಡ್ ಸಾಕಷ್ಟು ಇರುವಾಗಲೇ ಟೈರು ಸಾಯುವುದೂ ಉಂಟು. ಪ್ರತಿ ಸಲ ಬಿಸಿಯಾಗಿ ಆರಿದಾಗಲೂ ರಬ್ಬರು ಸ್ವಲ್ಪ ಗಟ್ಟಿಯಾಗುತ್ತದೆ. ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಡ್ಯೂರೋಮೀಟರಿನಲ್ಲಿ ಹೊಸದಿದ್ದಾಗಿನ ಅಂಕಿ ಬರೆದಿಟ್ಟು, ತಿಂಗಳಿಗೊಮ್ಮೆ ನೆರಳಿನಲ್ಲಿ, ಅದೇ ಉಷ್ಣತೆಯಲ್ಲಿ ಅಳೆಯಿರಿ. ಬಿಸಿ ರಬ್ಬರು ಮೆತ್ತಗೆ ತೋರಿಸಿ ದಾರಿ ತಪ್ಪಿಸುತ್ತದೆ. ಅಂಕಿ ಏರುತ್ತಾ, ಸಮಯವೂ ಏರುತ್ತಾ ಹೋದರೆ ಉಳಿದ ಟ್ರೆಡ್ ನೋಡಿ ಆಸೆಪಡಬೇಡಿ. ಅರ್ಧ ಸವೆದ ಟೈರು ಒಣ ನೆಲದಲ್ಲಿ ಹೊಸದಕ್ಕಿಂತ ಚುರುಕಾಗಿರುವುದೂ ಉಂಟು. ಎತ್ತರದ ಬ್ಲಾಕುಗಳು ಅಲುಗಾಡುವುದು ನಿಂತಿರುತ್ತದೆ. ಮಳೆ ಬಂದರೆ ಮಾತ್ರ ಅದೇ ಟೈರು ನೀರಿನ ಮೇಲೆ ತೇಲುತ್ತದೆ.

ಋತು ಮುಗಿದ ಮೇಲೆ ತೊಳೆದು, ಒಣಗಿಸಿ, ಗಾಳಿಯಾಡದ ಕಪ್ಪು ಚೀಲದಲ್ಲಿ ಕಟ್ಟಿ, ಬಿಸಿಲು ಬೀಳದ, ಮೋಟಾರು ಓಡುವ ಯಂತ್ರಗಳಿಲ್ಲದ ಮೂಲೆಯಲ್ಲಿಡಿ, ಅಂಥ ಮೋಟಾರು ಉಗುಳುವ ಓಝೋನ್ ರಬ್ಬರನ್ನು ಸೀಳುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಿರುವ ಕಡೆ ಈ ಬೇಸಿಗೆ ರಬ್ಬರು ಗಾಜಿನಂತೆ ಪೆಡಸಾಗಿರುತ್ತದೆ. ಆ ಸ್ಥಿತಿಯಲ್ಲಿ ಎತ್ತಿ ಹಾಕಿದರೂ, ಕಾರನ್ನು ಒಂದು ಮಾರು ಉರುಳಿಸಿದರೂ ಟ್ರೆಡ್ ಬಿರಿಯಬಹುದು. ಬೆಚ್ಚಗಿನ ಕೋಣೆಯಲ್ಲಿ ಒಂದು ದಿನವಿಟ್ಟು ಆಮೇಲೆ ರಿಮ್ಮಿಗೆ ಏರಿಸಿ.