ಲೇಖನದ ನಡುವೆ ಲಿಂಕ್ ಹಾಕುವ ಬಗೆ

ಅಡಿಕೆ ಬೆಳೆಗಾರರಿಗೆಂದೇ ಇರುವ ಕನ್ನಡ ತಾಣವೊಂದನ್ನು ತೆಗೆದುಕೊಳ್ಳಿ. ಬೋರ್ಡೋ ದ್ರಾವಣ ತಯಾರಿಸುವ ಬಗ್ಗೆ ಒಳ್ಳೆಯ ಪುಟವಿದೆ, ಆದರೆ ಗೂಗಲ್‌ನಲ್ಲಿ ಮೇಲೇರುತ್ತಿಲ್ಲ. ಹೊರಗಿನ ಲಿಂಕ್‌ಗಾಗಿ ಅಲೆಯುವ ಮೊದಲು ತಾಣದ ಬೇರೆ ಬರಹಗಳಿಂದಲೇ ಈ ಪುಟಕ್ಕೆ ಲಿಂಕ್ ಹಾಕಬಹುದೇ ಎಂದು ನಾನು ನೋಡುತ್ತೇನೆ.

ಮೊದಲು, ಹುಡುಕಾಟದಲ್ಲಿ ಪುಟಗಳು ಎಷ್ಟನೇ ಸ್ಥಾನದಲ್ಲಿವೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಸರಾಸರಿ ಸ್ಥಾನ 8ರಿಂದ 20ರೊಳಗಿರುವ ಪುಟಗಳನ್ನು ಆರಿಸಿಕೊಳ್ಳುತ್ತೇನೆ. ಆಮೇಲೆ ಗೂಗಲ್‌ನ ಒಂದೇ ತಾಣದೊಳಗೆ ಹುಡುಕಿಸುವ ಸೈಟ್ (site:) ಆಪರೇಟರ್‌ನಲ್ಲಿ ತಾಣದ ವಿಳಾಸದ ಜೊತೆ 'ಬೋರ್ಡೋ' ಎಂದು ಹುಡುಕಿದರೆ, ಆ ಪದ ಬಂದ ಹಳೆಯ ಬರಹಗಳು ಸಿಗುತ್ತವೆ. ಕೊಳೆರೋಗದ ಲೇಖನದಲ್ಲಿ 'ಮಳೆ ಹಿಡಿಯುವ ಮುಂಚೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ' ಎಂಬ ಸಾಲಿದೆ ಎನ್ನಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಓದುಗನಿಗೆ ಬೇಕಾಗುವುದು ಅಲ್ಲೇ. ಲಿಂಕ್ ಬೀಳಬೇಕಾದದ್ದೂ ಅಲ್ಲೇ, ಕೊನೆಯ 'ಇದನ್ನೂ ಓದಿ' ಪಟ್ಟಿಯಲ್ಲಲ್ಲ.

ಪುಟದ ಮಹತ್ವ ಅಳೆಯಲು ಗೂಗಲ್ ಬಳಸಿದ 1998ರ ಪೇಜ್‌ರ‍್ಯಾಂಕ್ ಲೆಕ್ಕದಲ್ಲಿ ಒಂದು ಪುಟದ ಲಿಂಕ್‌ಗಳಿಗೆಲ್ಲ ಆ ಪುಟದ ತೂಕದಲ್ಲಿ ಸಮಪಾಲು. 2010ರಲ್ಲಿ ಗೂಗಲ್‌ಗೆ ಸಿಕ್ಕ ಪೇಟೆಂಟ್ ಇನ್ನೊಂದು ದಾರಿ ತೋರಿಸಿತು: ಲಿಂಕ್ ಇರುವ ಜಾಗ, ಅದರ ಪದಗಳು ಇವನ್ನೆಲ್ಲ ನೋಡಿ, ಜನ ಒತ್ತುವ ಸಾಧ್ಯತೆ ಹೆಚ್ಚಿರುವುದಕ್ಕೆ ಹೆಚ್ಚು ತೂಕ. ಪೇಟೆಂಟ್‌ನಲ್ಲಿರುವುದೆಲ್ಲ ಹಾಗ್ಹಾಗೇ ಬಳಕೆಯಲ್ಲಿದೆ ಎನ್ನಲಾಗದು. ಆದರೂ ಲಿಂಕ್ ಪದಗಳನ್ನೂ ಸುತ್ತಲಿನ ಸಾಲುಗಳನ್ನೂ ಗಮನಿಸಿ ಬರೆಯಿರಿ ಎಂದು ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. 'ಇಲ್ಲಿ ಕ್ಲಿಕ್ ಮಾಡಿ' ಎಂದರೆ ಆಚೆ ಏನಿದೆ ಎಂದು ಓದುಗನಿಗೂ ಗೊತ್ತಾಗದು, ಗೂಗಲ್‌ಗೂ ಗೊತ್ತಾಗದು.

ಕನ್ನಡದಲ್ಲಿ ಕೆಡುವುದು ವಿಭಕ್ತಿ, ಗುಣಿತಗಳ ಬಳಿ. ತಾನಾಗಿ ಲಿಂಕ್ ಹಾಕುವ ಪ್ಲಗಿನ್‌ಗೆ 'ಔಷಧ' ಎಂದು ಕೊಟ್ಟರೆ, ಅದು 'ಔಷಧಿ'ಯಲ್ಲೂ ಅದನ್ನೇ ಕಂಡು, ಗುಡಿಸನ್ನು ಲಿಂಕ್ ಟ್ಯಾಗ್‌ನ ಹೊರಗೆ ಬಿಡಬಹುದು. ಅಕ್ಷರ ಒಡೆದು ಕಾಣುತ್ತದೆ. 'ಕೊಳೆ' ಎಂದು ಕೊಟ್ಟರೆ 'ಕೊಳೆತ ಹಣ್ಣು' ಕೂಡ ರೋಗದ ಪುಟಕ್ಕೆ ಹೋಗುತ್ತದೆ. ಅದಕ್ಕೇ ಕೈಯಿಂದಲೇ ಹಾಕುವುದು, 'ದ್ರಾವಣವನ್ನು' ಎಂದಿದ್ದರೆ ಪ್ರತ್ಯಯವನ್ನೂ ಸೇರಿಸಿಕೊಂಡೇ.

ಲಿಂಕ್‌ನ ವಿಳಾಸ ಹೇಳುವ ಎಚ್‌ರೆಫ್ ಇಲ್ಲದೆ ಬರೀ ಜಾವಾಸ್ಕ್ರಿಪ್ಟ್‌ನಿಂದ ತೆರೆಯುವ ಬಟನ್‌ಗಳನ್ನು ಗೂಗಲ್ ಲಿಂಕ್ ಎಂದು ಹಿಂಬಾಲಿಸುತ್ತದೆಂಬ ಭರವಸೆಯಿಲ್ಲ. ಚಿತ್ರಕ್ಕೆ ಲಿಂಕ್ ಕೊಟ್ಟರೆ ಚಿತ್ರದಲ್ಲೇನಿದೆ ಎಂದು ಹೇಳುವ ಆಲ್ಟ್ ಪಠ್ಯವೇ ಲಿಂಕ್ ಪದವಾಗುತ್ತದೆ, ಖಾಲಿ ಬಿಡಬೇಡಿ. ದುಡ್ಡು ಕೊಟ್ಟು ಬೇರೆ ತಾಣದಲ್ಲಿ ಹಾಕಿಸಿದ ಲಿಂಕ್‌ಗೆ ದುಡ್ಡಿನ ಲಿಂಕ್ ಎಂದು ಗೂಗಲ್‌ಗೆ ತಿಳಿಸುವ ಸ್ಪಾನ್ಸರ್ಡ್ ಗುರುತು, ಇಲ್ಲವೇ ನೋಫಾಲೋ ಗುರುತು ಇರಲೇಬೇಕು. ಗೂಗಲ್‌ನ 2012ರ ಪೆಂಗ್ವಿನ್ ಅಪ್‌ಡೇಟ್‌ನ ಏಟು ಬಿದ್ದದ್ದು ಇಂಥ ಕೃತಕ ಲಿಂಕ್‌ಗಳನ್ನು ನೆಚ್ಚಿದ್ದ ತಾಣಗಳಿಗೇ.

ಫಲ ಕಾಣಲು ವಾರಗಳೇ ಬೇಕು. ಹಾಕಿದ ದಿನ ಬರೆದಿಟ್ಟುಕೊಂಡು, ಅದರ ಹಿಂದಿನ 28 ದಿನ, ಮುಂದಿನ 28 ದಿನಗಳ ಇಂಪ್ರೆಶನ್ (ಫಲಿತಾಂಶಗಳಲ್ಲಿ ಪುಟ ಎಷ್ಟು ಸಲ ಕಂಡಿತು ಎಂಬ ಲೆಕ್ಕ) ಮತ್ತು ಸ್ಥಾನಗಳನ್ನು ಹೋಲಿಸುತ್ತೇನೆ. ಬೋರ್ಡೋ ಪುಟವಾದರೆ ಎರಡೂ ಅವಧಿ ಒಂದೇ ಹಂಗಾಮಿನಲ್ಲಿರಬೇಕು. ಮಳೆಗಾಲ ಶುರುವಾದರೆ ಹುಡುಕುವವರೇ ಹೆಚ್ಚುತ್ತಾರೆ, ಲಿಂಕ್ ಹಾಕದಿದ್ದರೂ ಇಂಪ್ರೆಶನ್ ಏರುತ್ತದೆ.