ಬಳ್ಳಿ ಗುಲಾಬಿಯಿಂದ ಹಳೇ ಕಾಲದ ಕ್ರಿಸ್‌ಮಸ್ ಅಲಂಕಾರ: ಕೆಲಸ ಶುರುವಾಗುವುದು ಬೇಸಿಗೆಯಲ್ಲೇ

ಕೈಯಲ್ಲೇ ಮಾಡಿದ, ಹಳೇ ಕಾಲದ ಕಳೆ ಇರುವ ಕ್ರಿಸ್‌ಮಸ್ ಅಲಂಕಾರ ಬೇಕು ಅಂದರೆ ಜನ ಡಿಸೆಂಬರ್‌ನಲ್ಲಿ ಕಾಗದ, ಗೋಂದು, ಕತ್ತರಿ ಹರಡಿಕೊಂಡು ಕೂರುತ್ತಾರೆ. ತೋಟದಲ್ಲಿ ಹಬ್ಬುವ ಗುಲಾಬಿ ಇರುವವರಿಗೆ ಅಷ್ಟು ಹೊತ್ತಿಗೆ ಅರ್ಧ ಸಾಮಾನು ಕೈತಪ್ಪಿ ಹೋಗಿರುತ್ತದೆ. ರೀತ್ (ಬಾಗಿಲಿಗೆ ನೇತುಹಾಕುವ ಉಂಗುರದಂಥ ಅಲಂಕಾರ) ಸುತ್ತುವ ಬಳ್ಳಿ, ಮಾಲೆಗೆ ಕೆಂಪು ಹಣ್ಣು, ಮಣಿ ಮಾಡುವ ಎಸಳು, ಕಾರ್ಡಿಗೆ ಅಂಟಿಸುವ ಒಣ ಮೊಗ್ಗು ಎಲ್ಲವೂ ಜೂನ್‌ನಿಂದ ನವೆಂಬರ್ ಒಳಗೆ ಗಿಡದಲ್ಲೇ ಸಿಗುತ್ತವೆ. ಅಂಗಡಿಯಿಂದ ಹೊಸ ಸಾಮಾನು ತಂದು ಬಣ್ಣ ಬಳಿದು ಹಳೆಯದರ ಹಾಗೆ ಮಾಡುವುದಕ್ಕಿಂತ, ಹಿಂದಿನವರು ಯಾವುದರಿಂದ ಮಾಡುತ್ತಿದ್ದರೋ ಅದರಿಂದಲೇ ಮಾಡಿದರೆ ಹಳೇ ಕಳೆ ತಾನಾಗೇ ಬರುತ್ತದೆ. ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇದೆ.

(ತಿಂಗಳುಗಳನ್ನು ಡಿಸೆಂಬರ್‌ನಲ್ಲಿ ಗಟ್ಟಿ ಚಳಿ ಬೀಳುವ ಜಾಗಗಳ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ನಿಮ್ಮಲ್ಲಿ ಗುಲಾಬಿ ಬೇರೆ ಹೊತ್ತಿಗೆ ಅರಳಿದರೆ ಅದರ ಪ್ರಕಾರ ಹಿಂದೆ ಮುಂದೆ ಮಾಡಿಕೊಳ್ಳಿ.)

ಮೊದಲು ಗಿಡದ ವಿಷಯ

ಹಬ್ಬುವ ಗುಲಾಬಿಯಲ್ಲಿ ಎರಡು ಬಗೆ. ಕ್ಲೈಂಬರ್ ಅಂದರೆ ದಪ್ಪ, ಬಿರುಸಾದ ಕಾಂಡ, ದೊಡ್ಡ ಹೂವು, ವರ್ಷದಲ್ಲಿ ಎರಡು ಮೂರು ಸಲ ಅರಳುತ್ತದೆ. ರ್‍ಯಾಂಬ್ಲರ್ ಅಂದರೆ ಉದ್ದುದ್ದ ಬಳುಕುವ ಕಾಂಡ, ಗೊಂಚಲು ಗೊಂಚಲು ಸಣ್ಣ ಹೂವು, ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಅರಳುತ್ತವೆ. ನಮಗೆ ಬೇಕಾದದ್ದು ರ್‍ಯಾಂಬ್ಲರ್. ಬೇಲಿ ಮೇಲೆ, ಹಳೇ ಮರದ ಮೇಲೆ ಇಷ್ಟ ಬಂದ ಹಾಗೆ ಹರಡಿಕೊಂಡಿರುವ ಹಳ್ಳಿ ತೋಟದ ನೋಟ ಬರುವುದು ಇದರಿಂದಲೇ.

ತಳಿ ಆರಿಸುವಾಗ ಹೂವಿನ ಫೋಟೋ ಒಂದನ್ನೇ ನೋಡಬೇಡಿ. ಹಣ್ಣು ಬಿಡುತ್ತದಾ, ಮುಳ್ಳು ಎಷ್ಟಿದೆ ಅಂತಲೂ ಕೇಳಿ. ರ್‍ಯಾಂಬ್ಲಿಂಗ್ ರೆಕ್ಟರ್ ಬಿಳಿ ಹೂವು ಮುಗಿದ ಮೇಲೆ ಪುಟ್ಟ ಪುಟ್ಟ ಕೆಂಪು ಹಣ್ಣು ರಾಶಿ ಬಿಡುತ್ತದೆ. 1909ರಲ್ಲಿ ಜರ್ಮನಿಯಿಂದ ಬಂದ ಫೈಲ್ಶೆನ್‌ಬ್ಲಾವ್‌ಗೆ ಮುಳ್ಳು ತೀರಾ ಕಡಿಮೆ, ಬಳ್ಳಿ ಸುತ್ತುವ ಕೆಲಸಕ್ಕೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. 1901ರ ಡೊರೊಥಿ ಪರ್ಕಿನ್ಸ್ ನೋಡಲು ತುಂಬಾ ಚಂದ, ಆದರೆ ಎಲೆಗೆ ಬೂದಿ ರೋಗ ಬೇಗ ಹತ್ತುತ್ತದೆ, ಗಾಳಿ ಆಡದ ಗೋಡೆಗೆ ಅದನ್ನು ಹಚ್ಚಬೇಡಿ. ಕಿಫ್ಟ್ಸ್‌ಗೇಟ್ ಅನ್ನುವುದು ದೊಡ್ಡ ಮರವನ್ನೇ ಮುಚ್ಚಿಬಿಡುವ ಗಿಡ. ಜಾಗ ಜಾಸ್ತಿ ಇಲ್ಲದವರು ಅದರ ತಂಟೆಗೆ ಹೋಗುವುದು ಬೇಡ.

ನೆಡುವಾಗ ಗೋಡೆಯಿಂದ ಸುಮಾರು 45 ಸೆಂ.ಮೀ. ದೂರ ಬಿಡಿ. ಗೋಡೆ ಬುಡದ ಮಣ್ಣು ಯಾವಾಗಲೂ ಒಣಗಿರುತ್ತದೆ. ಮರಕ್ಕೆ ಹಬ್ಬಿಸುವುದಾದರೆ ಬುಡದಿಂದ ಒಂದು ಮೀಟರ್ ಆದರೂ ಆಚೆ ನೆಟ್ಟು, ಕೋಲು ಓರೆಯಾಗಿ ಊರಿ, ಬಳ್ಳಿಯನ್ನು ಮರದ ಕಡೆ ನಡೆಸಿ. ಕಾಂಡ ನೆಟ್ಟಗೆ ಮೇಲೆ ಹೋದರೆ ತುದಿಯಲ್ಲಿ ಮಾತ್ರ ಹೂವು. ಅಡ್ಡಡ್ಡ ಬಾಗಿಸಿ ಕಟ್ಟಿದರೆ ಉದ್ದಕ್ಕೂ ಕಣ್ಣು ಒಡೆದು ಪಕ್ಕದ ಚಿಗುರು ಬರುತ್ತದೆ, ಒಂದೊಂದು ಚಿಗುರಿಗೂ ಒಂದೊಂದು ಗೊಂಚಲು.

ಇನ್ನು ಕತ್ತರಿ ಆಡಿಸುವುದು. ರ್‍ಯಾಂಬ್ಲರ್ ಹೂವು ಬಿಡುವುದು ಹೆಚ್ಚಾಗಿ ಹಿಂದಿನ ವರ್ಷ ಬೆಳೆದ ಕಾಂಡದ ಮೇಲೆ. ಬೇರೆ ಗುಲಾಬಿಗೆ ಮಾಡಿದ ಹಾಗೆ ಚಳಿಗಾಲದಲ್ಲಿ ಇದನ್ನು ಬೋಳು ಮಾಡಿದರೆ ಮುಂದಿನ ವರ್ಷದ ಹೂವೆಲ್ಲ ಕಸದ ಬುಟ್ಟಿ ಸೇರಿದ ಹಾಗೆ. ಹೂವು ಮುಗಿದ ಕೂಡಲೇ, ಜುಲೈ ಆಗಸ್ಟ್‌ನಲ್ಲಿ, ತೀರಾ ಹಳೇ ಕಾಂಡಗಳಲ್ಲಿ ಮೂರರಲ್ಲಿ ಒಂದನ್ನು ಬುಡಕ್ಕೆ ಕತ್ತರಿಸಿ. ಉಳಿದವುಗಳ ಬಾಡಿದ ಹೂವನ್ನು ಮಾತ್ರ ಮುಟ್ಟಲೇಬೇಡಿ. ತೋಟ ಅಚ್ಚುಕಟ್ಟಾಗಿ ಕಾಣಲಿ ಅಂತ ಬಾಡಿದ ಹೂವು ಚಿವುಟಿದರೆ ಹಣ್ಣು ಎಲ್ಲಿಂದ ಬರಬೇಕು, ಅಲ್ವಾ?

ಬಳ್ಳಿಯ ರೀತ್

ರೀತ್‌ಗೆ ಕತ್ತರಿಸಿದ ಹಳೇ ಕಾಂಡದ ಬುಡ ಬರುವುದಿಲ್ಲ, ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಅದರ ತುದಿ ಕಡೆಯ ತೆಳು ಭಾಗ, ಮತ್ತೆ ಈ ವರ್ಷವೇ ಬಂದು ಕಟ್ಟಲು ಜಾಗವಿಲ್ಲದೆ ಹೆಚ್ಚಾಗಿರುವ ಹೊಸ ಬಳ್ಳಿ, ಇವೇ ಸರಿ. ಪೆನ್ಸಿಲ್‌ಗಿಂತ ಸಣ್ಣ ಇರಲಿ, ಒಂದೂವರೆ ಮೀಟರ್ ಉದ್ದವಾದರೂ ಬರಲಿ. ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಎಲೆ ಕಿತ್ತು ಹಾಕಿ. ಮುಳ್ಳನ್ನು ಪಕ್ಕಕ್ಕೆ ಒತ್ತಿದರೆ ಚಟ್ ಅಂತ ಬಿದ್ದುಹೋಗುತ್ತದೆ, ಯಾಕೆಂದರೆ ಗುಲಾಬಿ ಮುಳ್ಳು ಸಿಪ್ಪೆಗೆ ಅಂಟಿಕೊಂಡಿರುವುದೇ ಹೊರತು ಒಳಗಿನ ಕಟ್ಟಿಗೆಯಿಂದ ಹೊರಟಿರುವುದಲ್ಲ.

ಕತ್ತರಿಸಿದ ದಿನವೇ ಸುತ್ತಬೇಕು. ಎರಡು ದಿನ ಬಿಟ್ಟರೆ ಬಿಗಿಯಾಗುತ್ತದೆ. ಮೊದಲ ಬಳ್ಳಿಯನ್ನು ಸುಮಾರು 30 ಸೆಂ.ಮೀ. ಅಗಲದ ಉಂಗುರ ಮಾಡಿ, ತುದಿಯನ್ನು ಅದಕ್ಕೇ ಎರಡು ಸುತ್ತು ಹೆಣೆಯಿರಿ. ಎರಡನೆಯದರ ಬುಡವನ್ನು ಸಂದಿಯಲ್ಲಿ ಸಿಕ್ಕಿಸಿ, ಅದೇ ದಿಕ್ಕಿನಲ್ಲಿ ಉಂಗುರದ ಒಳಗೆ ಹೊರಗೆ ಸುತ್ತುತ್ತಾ ಹೋಗಿ. ಪ್ರತಿ ಬಳ್ಳಿಯನ್ನೂ ಹಿಂದಿನದು ಶುರುವಾದ ಜಾಗದಿಂದ ಒಂದು ಗೇಣು ಆಚೆ ಶುರು ಮಾಡಿದರೆ ಉಂಗುರ ಒಂದೇ ಕಡೆ ಉಬ್ಬುವುದಿಲ್ಲ. ಐದಾರು ಬಳ್ಳಿ ಆದ ಮೇಲೆ ತಂತಿಯ ಅಗತ್ಯವೇ ಇಲ್ಲ, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಲ್ಲಲ್ಲಿ ತುದಿ ಹೊರಗೆ ಚಾಚಿಕೊಂಡರೆ ಕತ್ತರಿಸಲು ಹೋಗಬೇಡಿ, ಹಳ್ಳಿ ತೋಟದ ಚಂದ ಅಲ್ಲೇ ಇರುವುದು. ನೆರಳಲ್ಲಿ, ಗಾಳಿ ಆಡುವ ಕಡೆ ಮೊಳೆಗೆ ನೇತುಹಾಕಿ ಡಿಸೆಂಬರ್ ತನಕ ಒಣಗಲು ಬಿಡಿ. ಈ ಉಂಗುರ ವರ್ಷಗಟ್ಟಲೆ ಬಾಳುತ್ತದೆ, ಪ್ರತಿ ಸಲ ಮೇಲಿನ ಅಲಂಕಾರ ಬದಲಾಯಿಸಿದರೆ ಸಾಕು.

ಹಣ್ಣು, ಎಸಳು, ಮಣಿ

ಹಣ್ಣನ್ನು ಅಕ್ಟೋಬರ್ ನವೆಂಬರ್‌ನಲ್ಲಿ, ಬಣ್ಣ ಪೂರ್ತಿ ಬಂದು ಇನ್ನೂ ಗಟ್ಟಿ ಇರುವಾಗಲೇ ಗೊಂಚಲು ಸಮೇತ ಕತ್ತರಿಸಿ. ಜೋರು ಹಿಮ ಬಿದ್ದ ಮೇಲೆ ಮೆತ್ತಗಾಗಿ ಕೊಳೆಯುತ್ತದೆ. ಬಟಾಣಿ ಗಾತ್ರದ ಹಣ್ಣು ಒಣಗಿದರೂ ಕೆಂಪು ಉಳಿಸಿಕೊಳ್ಳುತ್ತದೆ. ರುಗೋಸಾ ಗುಲಾಬಿಯ ಟೊಮೆಟೊದಂಥ ದಪ್ಪ ಹಣ್ಣು ನೋಡಲು ಆಸೆ ಹುಟ್ಟಿಸಿದರೂ ಅದರಲ್ಲಿ ನೀರು ಜಾಸ್ತಿ, ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಮಾಲೆ ಮಾಡುವುದಾದರೆ ಹಣ್ಣು ಹಸಿ ಇರುವಾಗಲೇ ಪೋಣಿಸಿ, ಒಣಗಿದ ಮೇಲೆ ಸೂಜಿ ಇಳಿಯುವುದಿಲ್ಲ. ಒಂದು ಎಚ್ಚರಿಕೆ: ಹಣ್ಣಿನ ಒಳಗೆ ಬೀಜದ ಸುತ್ತ ಸಣ್ಣ ಕೂದಲಿನಂಥ ನಾರು ಇರುತ್ತದೆ, ಮೈಗೆ ತಾಗಿದರೆ ತುರಿಕೆ. ಪೋಣಿಸುವಾಗ ಕಣ್ಣು ಉಜ್ಜಬೇಡಿ, ಮಕ್ಕಳ ಕೈ ಸೋಪು ಹಾಕಿ ತೊಳೆಸಿ.

ಈಗ ಗುಲಾಬಿ ಮಣಿ. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಔಷಧ ಹೊಡೆಯದ, ಪರಿಮಳ ಇರುವ ಹೂವಿನ ಎಸಳು ಬೇಕು, ತಟ್ಟೆಯಲ್ಲಿ ಸುರಿದರೆ ಜಾಸ್ತಿ ಆಯಿತೇನೋ ಅನ್ನಿಸುವಷ್ಟು ಬೇಕು. ಬುಡದ ಬಿಳಿ ಭಾಗ ಚಿವುಟಿ ಹಾಕಿ, ಸ್ವಲ್ಪವೇ ನೀರು ಸೇರಿಸಿ ನುಣ್ಣಗೆ ರುಬ್ಬಿ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಸಿ ಮಾಡಿ, ಕುದಿಯಬಾರದು. ಆರಿಸಿ, ಮುಚ್ಚಿಡಿ. ಮಾರನೆಯ ದಿನ ಮತ್ತೆ, ಅದರ ಮಾರನೆಯ ದಿನ ಮತ್ತೆ. ಎಸಳಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಕಬ್ಬಿಣದ ಜೊತೆ ಸೇರಿ ಗುಲಾಬಿ ಬಣ್ಣ ಹೋಗಿ ಕಡುಕಪ್ಪು ಬರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಮಾಡಿದರೆ ಕಂದು ಬಣ್ಣದಲ್ಲೇ ನಿಲ್ಲುತ್ತದೆ, ಅದೂ ಕೆಟ್ಟದ್ದೇನಲ್ಲ, ಆದರೆ ಹಳೇ ಮಣಿಗಳ ಗಾಂಭೀರ್ಯ ಕಪ್ಪಿಗೇ.

ನೀರು ಆರಿ ಮುದ್ದೆ ಬೆರಳಿಗೆ ಅಂಟದ ಹದಕ್ಕೆ ಬಂದಾಗ ಉಂಡೆ ಕಟ್ಟಿ. ಒಣಗಿದಾಗ ಸುಮಾರು ಅರ್ಧಕ್ಕೆ ಕುಗ್ಗುವುದರಿಂದ ಬೇಕಾದ ಗಾತ್ರದ ಎರಡರಷ್ಟು ದಪ್ಪ ಇರಲಿ. ಅಂಗೈ ಒದ್ದೆ ಮಾಡಿಕೊಂಡು ಒತ್ತಿ ಒತ್ತಿ ಉರುಳಿಸಿ, ಒಂದು ಬಿರುಕೂ ಕಾಣಬಾರದು, ಇವತ್ತಿನ ಕೂದಲೆಳೆ ಬಿರುಕು ವಾರದ ಮೇಲೆ ಮಣಿಯನ್ನೇ ಎರಡು ಹೋಳು ಮಾಡುತ್ತದೆ. ದಬ್ಬಳದಂಥ ದಪ್ಪ ಸೂಜಿಯಿಂದ ನಡುವೆ ತೂತು ಮಾಡಿ, ಸೂಜಿಯಲ್ಲೇ ಬಿಟ್ಟು ಒಣಗಿಸಿ, ದಿನಕ್ಕೊಮ್ಮೆ ತಿರುಗಿಸಿ, ಇಲ್ಲದಿದ್ದರೆ ಕಚ್ಚಿಕೊಳ್ಳುತ್ತದೆ. ಒಂದೆರಡು ವಾರದಲ್ಲಿ ಕಲ್ಲಿನಂತಾಗುತ್ತದೆ. ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಸಣ್ಣ ಹೊಳಪು. ಕೈಯಲ್ಲಿ ಹಿಡಿದು ಬಿಸಿ ಮಾಡಿದರೆ ಪರಿಮಳ ಈಗಲೂ ಏಳುತ್ತದೆ. ಒಂದು ಕಪ್ಪು ಮಣಿ, ಮೂರು ಕೆಂಪು ಹಣ್ಣು, ಮತ್ತೆ ಒಂದು ಮಣಿ, ಹೀಗೆ ಸೆಣಬಿನ ದಾರದಲ್ಲಿ ಪೋಣಿಸಿ ಮರಕ್ಕೆ ಸುತ್ತಿ ನೋಡಿ.

ಒಣ ಹೂವಿಗೆ ಅರ್ಧ ಅರಳಿದ ಮೊಗ್ಗು ಸಾಕು. ನಾಲ್ಕೈದು ಸೇರಿಸಿ ಕಟ್ಟಿ, ತಲೆಕೆಳಗಾಗಿ, ಕತ್ತಲಿರುವ ಬೆಚ್ಚನೆ ಕಡೆ ನೇತುಹಾಕಿ. ಕಡುಕೆಂಪು ಹೂವು ಒಣಗಿದಾಗ ಕಪ್ಪಾಗುತ್ತದೆ. ಗುಲಾಬಿ ಬಣ್ಣದವೇ ಚೆನ್ನಾಗಿ ನಿಲ್ಲುವುದು.

ಕಾಗದದ ಕೆಲಸ

1848ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ರಾಣಿ ವಿಕ್ಟೋರಿಯಾ ಕುಟುಂಬ ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರ ಬಂತು. ಆಮೇಲೆ ಇಂಗ್ಲೆಂಡಿನ ಮನೆಗಳಲ್ಲಿ ಮರ ಇಡುವ ಆಸೆ ಹರಡಿತು. ಆ ಕಾಲದ ಮರಗಳಲ್ಲಿ ತೂಗುತ್ತಿದ್ದದ್ದು ಹೆಚ್ಚಾಗಿ ಸಿಹಿ ತುಂಬಿದ ಕಾಗದದ ಪೊಟ್ಟಣ, ಹಣ್ಣು, ಸಣ್ಣಪುಟ್ಟ ಉಡುಗೊರೆ. ಪೊಟ್ಟಣ ಮಾಡುವುದು ಸುಲಭ. 20 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಕತ್ತರಿಸಿ, ಒಂದು ಅಂಚಿಗೆ ಒಂದು ಸೆಂ.ಮೀ. ಗೋಂದು ಹಚ್ಚಿ ಸುತ್ತಿದರೆ ಬಾಯಿ ಸುಮಾರು 10 ಸೆಂ.ಮೀ. ಅಗಲದ ಉದ್ದನೆ ಪೊಟ್ಟಣ. ಬಾಯಿಗೆ ಲೇಸ್, ಎದುರು ಬದುರು ಎರಡು ತೂತಿಗೆ ರಿಬ್ಬನ್. ಒಳಗೆ ಒಣ ಎಸಳು, ಮೇಲೆ ಎರಡು ಮೊಗ್ಗು.

ಕಾಗದ ತೀರಾ ಬೆಳ್ಳಗಿದ್ದರೆ ಕತ್ತರಿಸುವ ಮೊದಲೇ ಹಾಲು ಹಾಕದ ಗಟ್ಟಿ ಚಹಾ ಬ್ರಶ್‌ನಿಂದ ಹಚ್ಚಿ. ಎಲ್ಲಾ ಕಡೆ ಒಂದೇ ಸಮ ಹಚ್ಚಬೇಡಿ, ಅಂಚಿಗೆ ಎರಡು ಸಲ, ನಡುವೆ ಒಂದು ಸಲ. ನಿಜವಾದ ಹಳೇ ಕಾಗದವೂ ಅಂಚಿಂದಲೇ ಹಳದಿಯಾಗುವುದು. ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕದ ಅಡಿ ಒಂದು ರಾತ್ರಿ ಇಟ್ಟರೆ ಸುಕ್ಕು ಹೋಗುತ್ತದೆ. ಇದೇ ಕಾಗದ ಕಾರ್ಡಿಗೂ ಆಗುತ್ತದೆ. ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡ್ 1843ರದ್ದು, ಹೆನ್ರಿ ಕೋಲ್ ಅನ್ನುವವರು ಮಾಡಿಸಿದ್ದು. ನಮ್ಮ ಕಾರ್ಡಿಗೆ ಚಿತ್ರ ಬರೆಯುವ ಕೈ ಬೇಕಿಲ್ಲ, ಪುಸ್ತಕದಲ್ಲಿ ಒತ್ತಿ ಒಣಗಿಸಿದ ಒಂಟಿ ಸುತ್ತಿನ ಗುಲಾಬಿ, ಎರಡು ಎಲೆ, ತೆಳ್ಳಗೆ ಗೋಂದು, ಅಷ್ಟೇ.

ರಟ್ಟಿನ ಪುಟ್ಟ ಮನೆ ಮಾಡಿ ಮರದ ಬುಡದಲ್ಲಿ ಊರು ಕಟ್ಟುವವರು ಚಾವಣಿಗೆ ಬಿಳಿ ಗೋಂದು ಬಳಿದು ಎಪ್ಸಮ್ ಉಪ್ಪು ಉದುರಿಸಿ, ಹಿಮ ಬಿದ್ದ ಹಾಗೇ ಮಿನುಗುತ್ತದೆ. ಹಿಂದೆ ಇದಕ್ಕೆ ಅಭ್ರಕದ ಪುಡಿ ಹಾಕುತ್ತಿದ್ದರು. ಅಡಿಗೆ ಉಪ್ಪು ಬೇಡ, ತೇವ ಎಳೆದುಕೊಂಡು ರಟ್ಟು ಕೆಡುತ್ತದೆ. ಬಾಗಿಲ ಹತ್ತಿರ ಗುಲಾಬಿ ಬಳ್ಳಿಯ ಒಂದು ತುದಿ ಚುಚ್ಚಿದರೆ ಅದೇ ಬಳ್ಳಿ ಹಬ್ಬಿದ ಬೇಲಿ.

ಕೊನೆಗೆ ಜೋಡಿಸುವಾಗ ರೀತ್ ಪೂರ್ತಿ ಮುಚ್ಚಬೇಡಿ. ಕೆಳಗಿನ ಒಂದು ಬದಿಗೆ ಮಾತ್ರ ಹಣ್ಣಿನ ಗೊಂಚಲು, ಮೂರು ಒಣ ಮೊಗ್ಗು, ಸ್ವಲ್ಪ ಹಸಿರು, ಒಂದು ಮಾಸಲು ರಿಬ್ಬನ್. ಉಳಿದ ಮುಕ್ಕಾಲು ಭಾಗ ಬರೀ ಬಳ್ಳಿ ಕಾಣಲಿ. ಒಣ ಬಳ್ಳಿ, ಒಣ ಹೂವು, ಕಾಗದ ಮೂರೂ ಬೆಂಕಿಗೆ ಕಾದು ಕೂತಿರುವ ವಸ್ತುಗಳು. ಹಾಗಾಗಿ ಹತ್ತಿರ ಮೇಣದ ಬತ್ತಿ ಬೇಡವೇ ಬೇಡ, ಬಿಸಿಯಾಗದ ಎಲ್‌ಇಡಿ ದೀಪ ಹಾಕಿ.

ಹಬ್ಬ ಮುಗಿದ ಮೇಲೆ ಮಣಿ ಮತ್ತು ಪೊಟ್ಟಣಗಳನ್ನು ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿಟ್ಟರೆ ಬೆವರಿ ಬೂಷ್ಟು ಬರುತ್ತದೆ. ಹೊಸ ಗಿಡ ತರುವ ಯೋಚನೆ ಇದ್ದರೆ, ಮಣ್ಣು ಹೆಪ್ಪುಗಟ್ಟದ ದಿನ ನೋಡಿಕೊಂಡು ಬರಿಬೇರಿನ (ಕುಂಡ, ಮಣ್ಣು ಇಲ್ಲದೆ ಬರೀ ಬೇರಿನ ಸಮೇತ ಮಾರುವ) ಗುಲಾಬಿ ನೆಡಲು ಅದೇ ಸರಿಯಾದ ಸಮಯ. ಬೇರನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ಕಸಿ ಕಟ್ಟಿದ ಗಂಟು ಮಣ್ಣಿನಿಂದ ಸ್ವಲ್ಪ ಕೆಳಗೆ ಬರುವ ಹಾಗೆ ನೆಡಿ.