ಆಯಿಲ್ ಫಿಲ್ಟರ್ ಬದಲಿಸುವಾಗ ಹಳೆಯ ರಬ್ಬರ್ ಬಳೆ ಎಲ್ಲಿ ಹೋಯಿತು, ನೋಡಿ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ನಮ್ಮ ಪಕ್ಕದ ಮನೆಯವರು ಕಾರಿನ ಆಯಿಲ್ ತಾವೇ ಬದಲಿಸಿ ಚಿತ್ರದುರ್ಗಕ್ಕೆ ಹೊರಟರು. ಭರಮಸಾಗರ ದಾಟುವಷ್ಟರಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿತು. ‘ದುರ್ಗ ಇಲ್ಲೇ ಇದೆಯಲ್ಲ’ ಎಂದು ಓಡಿಸಿದರು. ದುರ್ಗ ಬರುವ ಮೊದಲೇ ಎಂಜಿನ್ ಸೀಜ್ ಆಯಿತು. ‘ಈಗಿನ ಎಂಜಿನ್‌ಗಳಿಗೆ ತಾಳಿಕೆಯೇ ಇಲ್ಲ, ಅಂಬಾಸಡರ್ ಆಗಿದ್ದರೆ ಮನೆ ಮುಟ್ಟಿಸುತ್ತಿತ್ತು’ ಎಂಬ ಅವರ ದೂರು ಇನ್ನೂ ನಿಂತಿಲ್ಲ. ಆದದ್ದು ಇಷ್ಟೇ: ಆಯಿಲ್ ಸೋರದಂತೆ ತಡೆಯುವ ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು, ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದ್ದರು.

ಆಯಿಲ್ ಯಾವುದು?

ಕಾರಿನ ಕೈಪಿಡಿಯಲ್ಲಿ ಬರೆದಿರುವುದು. ಅಂಗಡಿಯವರು ‘ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕಿ’ ಎಂದು 20ಡಬ್ಲ್ಯು-50 ಡಬ್ಬಿ ಮುಂದಿಟ್ಟರೆ ಕೈ ಮುಗಿದು ಬನ್ನಿ. ಡಬ್ಲ್ಯುಗೆ ಮುಂಚಿನ ಅಂಕಿ ತಣ್ಣಗಿದ್ದಾಗ ಆಯಿಲ್ ಹೇಗೆ ಹರಿಯುತ್ತದೆ ಎಂಬುದಕ್ಕೆ, ನಂತರದ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಮಂದವಾಗಿರುತ್ತದೆ ಎಂಬುದಕ್ಕೆ. ಚಳ್ಳಕೆರೆಯ ಬಿಸಿಲು 40 ಡಿಗ್ರಿ ಮುಟ್ಟಿದರೂ ಕಾದ ಎಂಜಿನ್ನಿನೊಳಗಿನ ಆಯಿಲ್ ಹೆಚ್ಚುಕಡಿಮೆ 100ರ ಆಸುಪಾಸಿನಲ್ಲೇ ಇರುತ್ತದೆ.

ಈಗಿನ ಹಲವು ಪೆಟ್ರೋಲ್ ಕಾರುಗಳು 0ಡಬ್ಲ್ಯು-20 ಕೇಳುತ್ತವೆ. ನೀರಿನಷ್ಟು ತೆಳುವಲ್ಲವೇ ಎಂದು ಹೆದರಬೇಡಿ. ಹೊಸ ಎಂಜಿನ್‌ಗಳಲ್ಲಿ ಆಯಿಲ್ ಬರೀ ಜಾರಿಸುವ ಕೆಲಸ ಮಾಡುವುದಿಲ್ಲ. ಟೈಮಿಂಗ್ ಚೈನನ್ನು ಬಿಗಿ ಹಿಡಿಯುವುದು, ವಾಲ್ವ್‌ಗಳ ಸಮಯ ಹಿಂದೆ ಮುಂದೆ ಮಾಡುವುದು ಅದರ ಒತ್ತಡವೇ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊ ನಿಂತಿರುವುದೂ ಆಯಿಲ್‌ನ ತೆಳು ಪದರದ ಮೇಲೆ. ಮುಂಜಾನೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಈ ಸಣ್ಣ ಸಣ್ಣ ದಾರಿಗಳಿಗೆಲ್ಲ ಆಯಿಲ್ ತಲುಪಬೇಕು, ಅದಕ್ಕೇ ತೆಳು.

2020ರ ಏಪ್ರಿಲ್‌ನಿಂದ ಬಂದ ಬಿಎಸ್‌6 ಡೀಸೆಲ್ ಕಾರಿನವರು ಇನ್ನೊಂದು ಅಂಶ ನೋಡಬೇಕು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಇದ್ದರೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಮಸಿಯನ್ನು ಡಿಪಿಎಫ್ ಸುಟ್ಟುಕೊಳ್ಳುತ್ತದೆ. ಆಯಿಲ್‌ನ ಬೂದಿ ಸುಡುವುದಿಲ್ಲ, ಒಳಗೇ ತುಂಬುತ್ತಾ ಹೋಗುತ್ತದೆ. ಕಂಪನಿಯ ಹೆಸರು ಯಾವುದಾದರೂ ಆಗಲಿ, ಡಬ್ಬಿಯ ಹಿಂದಿನ ದರ್ಜೆ ಕೈಪಿಡಿಗೆ ಹೊಂದಬೇಕು.

ಫಿಲ್ಟರ್ ವಿಷಯದಲ್ಲಿ ನಾನು ಹಟಮಾರಿ. ಕಾರು ತಯಾರಿಸಿದವರ ಫಿಲ್ಟರ್, ಅಧಿಕೃತ ಅಂಗಡಿಯಿಂದ, ಬಿಲ್ಲಿನ ಸಮೇತ. ಅಗ್ಗದ್ದನ್ನು ಒಮ್ಮೆ ಗರಗಸದಲ್ಲಿ ಕೊಯ್ದು ನೋಡಿದ್ದೇನೆ: ಕಾಗದದ ಮಡಿಕೆಗಳು ವಿರಳ, ಒಳಗಿನ ರಬ್ಬರ್ ವಾಲ್ವ್ ಗಟ್ಟಿ ಚಪ್ಪಲಿಯಂತೆ. ಕಾರು ನಿಂತಾಗ ಆಯಿಲ್ ಪೂರ್ತಿ ಕೆಳಗಿಳಿಯದಂತೆ ತಡೆಯುವುದು ಆ ವಾಲ್ವ್. ಅದು ಕೆಟ್ಟರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಡಗಡ ಸದ್ದು ಬರುತ್ತದೆ.

ಇಳಿಸುವುದು

ಹತ್ತು ನಿಮಿಷ ಓಡಿಸಿ, ಕಾಲು ಗಂಟೆ ಆರಲು ಬಿಡಿ. ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಸ್ಟ್ಯಾಂಡ್ ಇಟ್ಟು ಕೆಳಗಿಳಿಯಿರಿ; ಬರೀ ಜಾಕ್ ನಂಬಿ ಕಾರಿನಡಿ ಹೋಗುವವರಿಗೆ ಈ ಲೇಖನವಲ್ಲ. ಎಂಜಿನ್ ತಳದ ಡ್ರೈನ್ ಬೋಲ್ಟ್ ಬಿಚ್ಚಿ, ಆಯಿಲ್ ಇಳಿಸಿ, ಹೊಸ ವಾಷರ್ ಹಾಕಿ ಬಿಗಿಯಿರಿ. ಆಯಿಲ್ ನಿಲ್ಲುವ ಚೇಂಬರ್ ಅಲ್ಯೂಮಿನಿಯಂನದಾದರೆ ಶಕ್ತಿ ಪ್ರದರ್ಶನ ಬೇಡ, ಥ್ರೆಡ್ ಕಿತ್ತುಬರುತ್ತದೆ. ಎಂಜಿನ್ ತೊಳೆಯುವ ‘ಫ್ಲಶ್’ ಬಾಟಲಿ, ಮೈಲೇಜ್ ಹೆಚ್ಚಿಸುವ ಬಾಟಲಿ, ಯಾವುದೂ ಬೇಡ.

ಫಿಲ್ಟರ್ ಕೂರಿಸುವುದು

ಇಲ್ಲಿ ಅವಸರ ಮಾಡಬೇಡಿ. ಹಳೆಯ ಫಿಲ್ಟರ್ ಬಿಚ್ಚಿದ ಕೂಡಲೇ ಅದನ್ನು ತಿರುಗಿಸಿ ಬಾಯಿ ನೋಡಿ. ರಬ್ಬರ್ ಬಳೆ ಅದರಲ್ಲೇ ಇದೆಯೇ? ಇಲ್ಲದಿದ್ದರೆ ಎಂಜಿನ್ ಬದಿಯಲ್ಲಿದೆ. ಕಪ್ಪು ಎಣ್ಣೆಯಲ್ಲಿ ಕಪ್ಪು ಬಳೆ ಕಣ್ಣಿಗೆ ಕಾಣುವುದಿಲ್ಲ; ಬೆರಳಾಡಿಸಿ ಹುಡುಕಿ ತೆಗೆಯಿರಿ. ಎರಡು ಬಳೆ ಒಂದರ ಮೇಲೊಂದು ಕೂತರೆ ಮನೆಯ ಅಂಗಳದಲ್ಲಿ ಒಂದು ಹನಿಯೂ ಸೋರದಿರಬಹುದು. ಹೆದ್ದಾರಿಯಲ್ಲಿ ಒತ್ತಡ ಏರಿದಾಗ ಒಂದು ಬಳೆ ಹೊರಗೆ ಜಾರುತ್ತದೆ, ಆಯಿಲ್ ನಿಮಿಷಗಳಲ್ಲಿ ಖಾಲಿ.

ಕೂರುವ ಜಾಗವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಹೊಸ ಬಳೆಗೆ ಹೊಸ ಆಯಿಲ್ ಬೆರಳ ತುದಿಯಲ್ಲಿ ಸವರಿ. ಬೆಣ್ಣೆ ದೋಸೆಯ ಧಾರಾಳ ಇಲ್ಲಿ ಬೇಡ. ಒಣ ಬಳೆ ತಿರುಗಿಸುವಾಗ ಮುದುಡಿಕೊಳ್ಳುತ್ತದೆ. ಫಿಲ್ಟರನ್ನು ಕೈಯಲ್ಲೇ ತಿರುಗಿಸಿ. ಮೊದಲ ಸುತ್ತಿಗೇ ಗಟ್ಟಿಯಾದರೆ ಥ್ರೆಡ್ ಓರೆಯಾಗಿದೆ, ಬಿಚ್ಚಿ ಮತ್ತೆ ಹಾಕಿ. ಬಳೆ ತಾಗಿದ ಅನುಭವ ಬಂದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ನಿಖರ ಅಳತೆ ಫಿಲ್ಟರಿನ ಮೈಮೇಲೆಯೇ ಇರುತ್ತದೆ. ಎಣಿಕೆ ತಪ್ಪದಿರಲು ನಾನು ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಳ್ಳುತ್ತೇನೆ. ಬಿಗಿಯಲು ಸ್ಪ್ಯಾನರ್ ಬೇಡ, ಅದು ಬಿಚ್ಚುವುದಕ್ಕೆ ಮಾತ್ರ. ಪ್ಲಾಸ್ಟಿಕ್ ಮುಚ್ಚಳದೊಳಗೆ ಕಾಗದದ ಫಿಲ್ಟರ್ ಇರುವ ಕಾರಾದರೆ ಮಾತು ಬೇರೆ: ಡಬ್ಬಿಯಲ್ಲಿ ಬಂದ ಹೊಸ ರಿಂಗನ್ನು ಮುಚ್ಚಳದ ಸರಿಯಾದ ತೋಡಿನಲ್ಲೇ ಕೂರಿಸಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿಯಿರಿ.

ತುಂಬುವುದು

ಕೈಪಿಡಿ ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡುತ್ತಾ ಉಳಿದದ್ದನ್ನು ಸೇರಿಸಿ. ಡಿಪ್‌ಸ್ಟಿಕ್‌ನ ಮೇಲಿನ ಗುರುತು ಮೀರಬಾರದು. ಜಾಸ್ತಿಯಾದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಆಯಿಲ್ ಒತ್ತಡ ಕುಸಿಯುತ್ತದೆ. ಸ್ಟಾರ್ಟ್ ಮಾಡಿ, ಕೆಂಪು ದೀಪ ಕೆಲವೇ ಕ್ಷಣಗಳಲ್ಲಿ ಆರಬೇಕು, ಅಲ್ಲಿಯವರೆಗೆ ಆ್ಯಕ್ಸಿಲರೇಟರ್ ಮುಟ್ಟಬೇಡಿ. ಟಾರ್ಚ್ ಹಿಡಿದು ಫಿಲ್ಟರಿನ ಸುತ್ತ ನೋಡಿ. ಆಫ್ ಮಾಡಿ, ಐದು ನಿಮಿಷ ಬಿಟ್ಟು ಮಟ್ಟ ಮತ್ತೆ ನೋಡಿ. ಮರುದಿನ ಹರಿಹರದವರೆಗೆ ಹೋಗಿ ಬಂದು ಇನ್ನೊಮ್ಮೆ.

ದಾರಿಯಲ್ಲಿ ಆ ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಅದು ಆಯಿಲ್ ಒತ್ತಡ ಕುಸಿದಿದೆ ಎನ್ನುವ ದೀಪ. ಎಂಜಿನ್ ಮುಂದಿನ ಊರಿನವರೆಗೆ ಕಾಯುವುದಿಲ್ಲ.

ಹಳೆಯ ಆಯಿಲ್ ಚರಂಡಿಗೆ ಬೇಡ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿಕೊಂಡು ಬರುತ್ತಾರೆ, ಅವರಿಗೂ ಬೇಡ. ಕೈಗೆ ಮೈಗೆ ಹತ್ತುವ ಅಪಾಯಕಾರಿ ತ್ಯಾಜ್ಯ ಅದು. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿಸಿ, ಹಳೆಯ ಆಯಿಲ್‌ಗೆಂದೇ ಬ್ಯಾರಲ್ ಇಟ್ಟುಕೊಂಡ ಗ್ಯಾರೇಜಿಗೆ ಕೊಡಿ. ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿದರೆ ಇನ್ನಷ್ಟು ಆಯಿಲ್ ಇಳಿಯುತ್ತದೆ. ಅದನ್ನೂ ಅದೇ ಡಬ್ಬಿಗೆ ಸುರಿಯಿರಿ.